ಗ್ರೂಪ್ ಬಿ ಕಾರುಗಳ ಕೊನೆಯ ವರ್ಷ

1986ರ ಜನವರಿಯಲ್ಲಿ ಮಾಂಟೆ ಕಾರ್ಲೋ ರ‍್ಯಾಲಿ ಗೆದ್ದಾಗ ಫಿನ್ಲೆಂಡಿನ ಹೆನ್ರಿ ಟೊಯ್ವೊನೆನ್ ಅವರಿಗೆ 29 ವರ್ಷ. ಅದಕ್ಕೆ ಸರಿಯಾಗಿ 20 ವರ್ಷ ಮೊದಲು ಅವರ ತಂದೆ ಪೌಲಿ ಟೊಯ್ವೊನೆನ್ ಇದೇ ರ‍್ಯಾಲಿ ಗೆದ್ದಿದ್ದರು. ಆದರೆ ತಂದೆಯ ಗೆಲುವಿಗೆ ಯಾರೂ ಮನಸಾರೆ ಚಪ್ಪಾಳೆ ತಟ್ಟಿರಲಿಲ್ಲ. ಮೊದಲ ಮೂರು ಸ್ಥಾನಗಳಲ್ಲಿದ್ದ ಬ್ರಿಟನ್ನಿನ ಮಿನಿ ಕಾರುಗಳ ಹೆಡ್‌ಲೈಟ್ ಬಲ್ಬು ನಿಯಮಕ್ಕೆ ಹೊಂದುವುದಿಲ್ಲ ಎಂದು ಸಂಘಟಕರು ಅವನ್ನು ಪಟ್ಟಿಯಿಂದಲೇ ಕಿತ್ತುಹಾಕಿದ್ದರಿಂದ, ಸಿಟ್ರೊಯೆನ್ ಓಡಿಸಿದ್ದ ಪೌಲಿ ವಿಜೇತರೆನಿಸಿದರು. ಆ ಕಹಿ ಮನೆಯಲ್ಲೇ ಉಳಿದಿತ್ತು. ಮಗ ಗೆದ್ದದ್ದು ಹಾಗಲ್ಲ. ಸ್ಪರ್ಧೆಯ ನಡುವೆ, ಸಾರ್ವಜನಿಕ ರಸ್ತೆಯಲ್ಲಿ ಪ್ರೇಕ್ಷಕರೊಬ್ಬರ ಕಾರು ಡಿಕ್ಕಿ ಹೊಡೆದು ಹೆನ್ರಿಯವರ ಲಾಂಚಿಯಾ ಜಖಂಗೊಂಡಿತ್ತು. ಮೆಕ್ಯಾನಿಕ್‌ಗಳು ಅದನ್ನು ಹೇಗೋ ನೆಟ್ಟಗೆ ಮಾಡಿ ಕೊಟ್ಟರು. ಹಿಮ, ಒಣ ಡಾಂಬರು, ಮತ್ತೆ ಮಂಜುಗಡ್ಡೆ ಎಂದು ಗಳಿಗೆಗೊಂದು ರೂಪ ತಾಳುವ ಆಲ್ಪ್ಸ್ ದಾರಿಯಲ್ಲಿ ಅವರು ಹಿಂದಿನ ವರ್ಷದ ವಿಶ್ವ ಚಾಂಪಿಯನ್ ಟಿಮೊ ಸಲೊನೆನ್ ಅವರನ್ನು ಹಿಂದೆ ಹಾಕಿದರು. ಪಕ್ಕದ ಸೀಟಿನಲ್ಲಿದ್ದವರು ನ್ಯೂಯಾರ್ಕ್‌ನಲ್ಲಿ ಹುಟ್ಟಿದ, ಇಟಲಿ ಮೂಲದ ಸೆರ್ಜಿಯೊ ಕ್ರೆಸ್ಟೊ.

ಆ ವರ್ಷದ ವಿಶ್ವ ರ‍್ಯಾಲಿ ಚಾಂಪಿಯನ್‌ಶಿಪ್ ಇಷ್ಟು ಚೆನ್ನಾಗಿ ಶುರುವಾಗಿತ್ತು. ಡಿಸೆಂಬರ್ ಮುಗಿಯುವುದರೊಳಗೆ ಇಬ್ಬರು ಸ್ಪರ್ಧಿಗಳೂ ಮೂವರು ಪ್ರೇಕ್ಷಕರೂ ಸತ್ತಿದ್ದರು, ಒಂದಿಡೀ ವರ್ಗದ ಕಾರುಗಳಿಗೆ ನಿಷೇಧ ಬಿದ್ದಿತ್ತು, ಚಾಂಪಿಯನ್ ಯಾರೆಂಬುದು ರಸ್ತೆಯ ಮೇಲಲ್ಲ, ಕಚೇರಿಯಲ್ಲಿ ತೀರ್ಮಾನವಾಗಿತ್ತು.

ರ‍್ಯಾಲಿ ಎಂದರೆ ಟ್ರ್ಯಾಕಿನ ಮೇಲೆ ಸುತ್ತು ಹಾಕುವ ರೇಸ್ ಅಲ್ಲ. ಊರವರು ದಿನಾ ಓಡಾಡುವ ರಸ್ತೆ, ಕಾಡಿನ ಮಣ್ಣುದಾರಿ, ಘಟ್ಟದ ತಿರುವುಗಳನ್ನು ಕೆಲವು ಗಂಟೆ ಮುಚ್ಚಿ ‘ಸ್ಪೆಷಲ್ ಸ್ಟೇಜ್’ ಎಂದು ಕರೆಯುತ್ತಾರೆ. ಕಾರುಗಳು ಒಂದರ ಹಿಂದೊಂದು, ನಿಗದಿತ ಅಂತರದಲ್ಲಿ ಹೊರಡುತ್ತವೆ. ಓಟ ಗಡಿಯಾರದ ವಿರುದ್ಧ. ಮೊದಲೇ ದಾರಿ ನೋಡಿ ಬರೆದುಕೊಂಡ ಪೇಸ್ ನೋಟ್ಸ್ ಅನ್ನು ನ್ಯಾವಿಗೇಟರ್ ಗಟ್ಟಿಯಾಗಿ ಓದುತ್ತಾ ಹೋಗಬೇಕು: ಮುಂದಿನ ತಿರುವು ಎಡವೋ ಬಲವೋ, ಎಷ್ಟು ಕಡಿದು, ಅದರಾಚೆ ನೇರ ದಾರಿ ಎಷ್ಟು ಮೀಟರ್. ಚಾಲಕ ಕಣ್ಣಿಗಿಂತ ಆ ದನಿಯನ್ನೇ ಹೆಚ್ಚು ನಂಬಿ ಓಡಿಸುತ್ತಾನೆ. ಒಂದು ಸ್ಟೇಜ್ ಮುಗಿದ ಮೇಲೆ ಇನ್ನೊಂದರ ತನಕ ಅದೇ ಕಾರು ಸಾಮಾನ್ಯ ಟ್ರಾಫಿಕ್ಕಿನಲ್ಲಿ, ಎಲ್ಲರ ಹಾಗೆ ಸಾಗಬೇಕು. ಹಾಗಾಗಿ ರ‍್ಯಾಲಿಗೆ ಆಗ ಹೆಚ್ಚಾಗಿ ಟಿಕೆಟ್ಟೂ ಇರಲಿಲ್ಲ, ಕ್ರೀಡಾಂಗಣವೂ ಇರಲಿಲ್ಲ. ಮನೆಯಿಂದ ಊಟ ಕಟ್ಟಿಕೊಂಡು ಬಂದು ರಸ್ತೆ ಬದಿಯಲ್ಲಿ ನಿಂತರೆ ಜಗತ್ತಿನ ಶ್ರೇಷ್ಠ ಚಾಲಕರು ಕೈಗೆಟುಕುವ ದೂರದಲ್ಲಿ ಹಾದುಹೋಗುತ್ತಿದ್ದರು. ಈ ಆಟದ ಸೊಗಸೂ ಅಪಾಯವೂ ಇದ್ದದ್ದು ಅಲ್ಲೇ.

1982ರಲ್ಲಿ ಅಂತರರಾಷ್ಟ್ರೀಯ ಮೋಟಾರು ಕ್ರೀಡೆಯ ಆಡಳಿತ ಸಂಸ್ಥೆ ಫಿಸಾ ಜಾರಿಗೆ ತಂದ ಹೊಸ ವರ್ಗೀಕರಣದಲ್ಲಿ ಗ್ರೂಪ್ ಎ ಕಾರು ರ‍್ಯಾಲಿಗಿಳಿಯಬೇಕಾದರೆ ಅದೇ ಮಾದರಿಯ 5,000 ಕಾರುಗಳು ತಯಾರಾಗಿರಬೇಕಿತ್ತು. ಗ್ರೂಪ್ ಬಿ ವರ್ಗಕ್ಕೆ ಬರೀ 200 ಸಾಕು. ಅಷ್ಟೇ ಅಲ್ಲ, ಆ 200ರ ಮೇಲೆ ಇನ್ನು 20 ಸುಧಾರಿತ ಕಾರು ಕಟ್ಟಿದರೆ ಆ ‘ಎವಲ್ಯೂಷನ್’ ಮಾದರಿಯನ್ನೇ ಸ್ಪರ್ಧೆಗೆ ಇಳಿಸಬಹುದಿತ್ತು. ಹೊರನೋಟಕ್ಕೆ ಪೇಟೆಯಲ್ಲಿ ಸಿಗುವ ಕಾರು, ಒಳಗೆ ಬೇರೆಯದೇ ಯಂತ್ರ ಎಂಬ ಜಾಣ್ಮೆಗೆ ನಿಯಮವೇ ಬಾಗಿಲು ತೆರೆದಿತ್ತು. ಎಂಜಿನಿಯರುಗಳು ಬಿಡುತ್ತಾರೆಯೇ?

ಲಾಂಚಿಯಾ ಡೆಲ್ಟಾ ಎಸ್4 ಕಾರನ್ನೇ ನೋಡಿ. ಹೆಸರು ಒಂದು ಸಾಧಾರಣ ಕುಟುಂಬದ ಕಾರಿನದು. ಒಳಗೆ ಉಕ್ಕಿನ ಕೊಳವೆಗಳ ಚೌಕಟ್ಟು, ಚಾಲಕನ ಬೆನ್ನ ಹಿಂದೆ 1,759 ಸಿಸಿ ಎಂಜಿನ್, ನಾಲ್ಕೂ ಚಕ್ರಗಳಿಗೆ ಶಕ್ತಿ. ಟರ್ಬೊ ಎಂಜಿನ್ನುಗಳಿಗೆ ಒಂದು ಕಾಯಿಲೆ ಇತ್ತು: ಆಕ್ಸಿಲರೇಟರ್ ಒತ್ತಿದ ಮೇಲೆ ಒಂದಿಷ್ಟು ಹೊತ್ತು ಏನೂ ಆಗದೆ, ಆಮೇಲೆ ಒಮ್ಮೆಲೇ ಒದೆಯುತ್ತಿತ್ತು. ಲಾಂಚಿಯಾದವರು ಕಡಿಮೆ ವೇಗಕ್ಕೆ ಸೂಪರ್‌ಚಾರ್ಜರ್, ಹೆಚ್ಚಿನ ವೇಗಕ್ಕೆ ಟರ್ಬೊ ಎಂದು ಎರಡನ್ನೂ ಜೋಡಿಸಿ ಆ ಕಾಯಿಲೆಗೆ ಮದ್ದು ಕಂಡುಕೊಂಡರು. ಮೈಯೆಲ್ಲ ಹಗುರಾದ ಪ್ಲಾಸ್ಟಿಕ್ ಮಿಶ್ರಣದ ಹಾಳೆ. ಇಂಧನದ ಟ್ಯಾಂಕುಗಳು ಸೀಟುಗಳ ಕೆಳಗೆ. ತೂಕ ಸುಮಾರು 900 ಕೆ.ಜಿ., ಶಕ್ತಿ 450 ಅಶ್ವಶಕ್ತಿಗೂ ಮೇಲೆ. ಆಗ ನಮ್ಮ ರಸ್ತೆಗಳಲ್ಲಿ ಓಡುತ್ತಿದ್ದ ಅಂಬಾಸಿಡರ್ 1,100 ಕೆ.ಜಿ.ಗೂ ಮಿಕ್ಕಿ ತೂಗುತ್ತಿತ್ತು, ಅದರ ಶಕ್ತಿ 50 ಅಶ್ವಶಕ್ತಿಯ ಆಸುಪಾಸು.

ಎಸ್4ಗೆ ಎದುರಾಳಿ ಪ್ಯೂಜೊ 205 ಟಿ16. ಅದರ ತಂಡದ ಮುಖ್ಯಸ್ಥರು, ಮುಂದೆ ಫೆರಾರಿಯ ಫಾರ್ಮುಲಾ 1 ತಂಡವನ್ನು ನಡೆಸಿದ ಜಾನ್ ಟಾಡ್. ರ‍್ಯಾಲಿಗೆ ನಾಲ್ಕು ಚಕ್ರದ ಎಳೆತವನ್ನು ತಂದುಕೊಟ್ಟ ಆಡಿ ಕ್ವಾಟ್ರೊ ಅಷ್ಟು ಹೊತ್ತಿಗೆ ಹಳೆಯದಾಗತೊಡಗಿತ್ತು. ಫೋರ್ಡ್ ಆರ್‌ಎಸ್200, ಎಂಜಿ ಮೆಟ್ರೊ 6ಆರ್4 ಆಗಷ್ಟೇ ಕಣಕ್ಕಿಳಿದಿದ್ದವು. ಫೆಬ್ರವರಿಯ ಸ್ವೀಡನ್ ರ‍್ಯಾಲಿಯಲ್ಲಿ ಟೊಯ್ವೊನೆನ್ ಅವರ ಕಾರಿನ ಎಂಜಿನ್ ಕೈಕೊಟ್ಟಿತು. ಪ್ಯೂಜೊ ತಂಡಕ್ಕೆ ಹೊಸದಾಗಿ ಸೇರಿದ್ದ ಇನ್ನೊಬ್ಬ ಫಿನ್ಲೆಂಡಿಗ, 26ರ ಹರೆಯದ ಯುಹಾ ಕಂಕುನೆನ್ ಗೆದ್ದರು. ಲಾಂಚಿಯಾದ ಹಿರಿಯ ಚಾಲಕ ಮಾರ್ಕು ಅಲೆನ್ ಎರಡನೆಯವರಾದರು. ವರ್ಷದ ಕೊನೆಯವರೆಗೂ ಜಗ್ಗಾಡಲಿದ್ದ ಹೆಸರುಗಳು ಇವೆರಡೇ ಎಂದು ಆಗ ಯಾರಿಗೂ ಹೊಳೆದಿರಲಿಕ್ಕಿಲ್ಲ.

ಪೋರ್ಚುಗಲ್ ರ‍್ಯಾಲಿಗೆ ಸೇರುತ್ತಿದ್ದಷ್ಟು ಜನ ಬೇರೆಲ್ಲೂ ಸೇರುತ್ತಿರಲಿಲ್ಲ. ಲಿಸ್ಬನ್ ನಗರಕ್ಕೆ ಹತ್ತಿರದ ಸಿಂಟ್ರಾ ಬೆಟ್ಟಗಳ ಸ್ಟೇಜ್‌ಗಳಲ್ಲಂತೂ ರಸ್ತೆ ಕಾಣದಂತೆ ಜನ ತುಂಬಿರುತ್ತಿದ್ದರು. ಕಾರು ಹತ್ತಿರ ಬಂದಾಗ ಕೊನೆಯ ಗಳಿಗೆಯಲ್ಲಿ ಸರಿದು ದಾರಿ ಬಿಡುವುದು, ಹಾದುಹೋಗುವ ಕಾರನ್ನು ಮುಟ್ಟುವುದು ಅಲ್ಲಿನ ಯುವಕರಿಗೆ ಧೈರ್ಯದ ಪರೀಕ್ಷೆಯಾಗಿತ್ತು. ಚಾಲಕರು ವರ್ಷಗಳಿಂದ ದೂರುತ್ತಲೇ ಇದ್ದರು. ಮಾರ್ಚ್ 5ರಂದು, ಮೊದಲ ಸ್ಟೇಜ್‌ನಲ್ಲೇ, ಪೋರ್ಚುಗಲ್‌ನವರೇ ಆದ ಜೊವಾಕಿಂ ಸಾಂಟೋಸ್ ಓಡಿಸುತ್ತಿದ್ದ ಫೋರ್ಡ್ ಆರ್‌ಎಸ್200, ರಸ್ತೆಯಲ್ಲಿದ್ದವರನ್ನು ತಪ್ಪಿಸಲು ಹೋಗಿ ಹತೋಟಿ ತಪ್ಪಿ ಗುಂಪಿನೊಳಗೆ ನುಗ್ಗಿತು. ಮೂವರು ಸತ್ತರು, 30ಕ್ಕೂ ಹೆಚ್ಚು ಜನ ಗಾಯಗೊಂಡರು.

ಅಂದು ಚಾಲಕರು ಮಾಡಿದ ಕೆಲಸ ಆ ಕ್ರೀಡೆಯ ಇತಿಹಾಸದಲ್ಲಿ ದೊಡ್ಡದು. ಪರಸ್ಪರ ಸೆಣಸುತ್ತಿದ್ದ ಕಂಪನಿಗಳ ಚಾಲಕರೆಲ್ಲ ಎಸ್ಟೊರಿಲ್ ಬಳಿಯ ಹೋಟೆಲಿನಲ್ಲಿ ಒಟ್ಟಾಗಿ ಕೂತು, ತಾವು ಮುಂದೆ ಓಡಿಸುವುದಿಲ್ಲ ಎಂದು ಒಂದು ಹೇಳಿಕೆ ಹೊರಡಿಸಿದರು. ಸತ್ತವರ ಮನೆಯವರಿಗೆ, ಗಾಯಾಳುಗಳಿಗೆ ಗೌರವ ಸಲ್ಲಿಸುವುದು ಮೊದಲ ಕಾರಣ. ಇಲ್ಲಿ ಪ್ರೇಕ್ಷಕರ ಸುರಕ್ಷೆಯ ಹೊಣೆ ಹೊರಲು ತಮ್ಮಿಂದ ಸಾಧ್ಯವಿಲ್ಲ ಎಂಬುದು ಎರಡನೆಯದು. ಮೂರನೆಯ ಮಾತನ್ನು ವಿಶೇಷವಾಗಿ ಗಮನಿಸಬೇಕು: ರಸ್ತೆಯಲ್ಲಿದ್ದ ಜನರನ್ನು ತಪ್ಪಿಸಲು ಹೋಗಿ ಅಪಘಾತವಾಯಿತೇ ಹೊರತು ಅದು ಕಾರಿನ ಬಗೆಯಿಂದಾಗಲಿ ವೇಗದಿಂದಾಗಲಿ ಆದದ್ದಲ್ಲ ಎಂದು ಅವರು ಸ್ಪಷ್ಟವಾಗಿ ಬರೆದಿದ್ದರು. ಸಂಘಟಕರು ಒತ್ತಾಯಿಸಿದರೂ ಯಾರೂ ಮರಳಿ ಕಾರು ಹತ್ತಲಿಲ್ಲ. ರ‍್ಯಾಲಿ ನಿಲ್ಲಲಿಲ್ಲ. ಕಂಪನಿ ತಂಡಗಳಿಲ್ಲದ ಆ ಓಟವನ್ನು ರೆನೊ 5 ಟರ್ಬೊ ಓಡಿಸಿದ ಸ್ಥಳೀಯ ಚಾಲಕ ಜೊವಾಕಿಂ ಮೌಟಿನ್ಯೊ ಗೆದ್ದರು.

ಚಾಲಕರ ಮಾತಿನಲ್ಲಿ ತಮ್ಮ ಕಾರಿನ ಮೇಲಿನ ಪ್ರೀತಿಯೂ ಸ್ವಲ್ಪ ಸೇರಿದ್ದಿರಬಹುದು. ಅಷ್ಟೊಂದು ಶಕ್ತಿಯ ಕಾರನ್ನು ಜನರ ನಡುವೆ ಸಂಭಾಳಿಸುವುದು ಕಷ್ಟವೇ. ಆದರೂ ಮುಖ್ಯ ವಿಷಯದಲ್ಲಿ ಅವರು ಹೇಳಿದ್ದು ಸರಿ. ರ‍್ಯಾಲಿಯಲ್ಲಿ ಮೊದಲು ಕಾಯಬೇಕಾದದ್ದು ರಸ್ತೆಯನ್ನು. 33 ವರ್ಷಗಳ ಬಳಿಕ, 2019ರ ಸೆಪ್ಟೆಂಬರ್‌ನಲ್ಲಿ, ರಾಜಸ್ಥಾನದಲ್ಲಿ ನಡೆದ ಭಾರತದ ರಾಷ್ಟ್ರೀಯ ರ‍್ಯಾಲಿಯ ಒಂದು ಸುತ್ತಿನಲ್ಲಿ, ಸ್ಪರ್ಧೆಗೆಂದು ಮುಚ್ಚಿದ್ದ ದಾರಿಗೆ ಬೈಕೊಂದು ಬಂದು ರ‍್ಯಾಲಿ ಕಾರಿಗೆ ಸಿಕ್ಕಿ ಒಂದೇ ಕುಟುಂಬದ ಮೂವರು ಸತ್ತರು. ಆ ಕಾರು ಗ್ರೂಪ್ ಬಿ ಕಾಲದ್ದಲ್ಲ. ನಮ್ಮ ಚಿಕ್ಕಮಗಳೂರಿನ ಕಾಫಿ ತೋಟಗಳ ದಾರಿಗಳು ರ‍್ಯಾಲಿಯವರಿಗೆ ಅಚ್ಚುಮೆಚ್ಚಾದದ್ದಕ್ಕೆ, ಏಷ್ಯಾ ಪೆಸಿಫಿಕ್ ಚಾಂಪಿಯನ್‌ಶಿಪ್‌ನ ಸುತ್ತು ಅಲ್ಲಿಗೆ ಬಂದದ್ದಕ್ಕೆ, ಸುಂದರ ತಿರುವುಗಳಷ್ಟೇ ಕಾರಣವಲ್ಲ ಅನ್ನಿಸುತ್ತದೆ. ತೋಟಕ್ಕೆ ಗೇಟು ಇರುತ್ತದೆ, ಹಾಕಬಹುದು.

ಪೋರ್ಚುಗಲ್ ಮುಗಿದು ಮೂರೇ ವಾರಕ್ಕೆ ಸಫಾರಿ ರ‍್ಯಾಲಿ. ಕೀನ್ಯಾದ ಕೆಂಪು ಧೂಳಿನಲ್ಲಿ, ಮಳೆ ಬಂದರೆ ಆಳುದ್ದದ ಕೆಸರಿನಲ್ಲಿ, ಆಗ ಸಾವಿರಾರು ಕಿಲೋಮೀಟರ್ ಓಡಬೇಕಿದ್ದ ಈ ಸ್ಪರ್ಧೆಯದು ಬೇರೆಯದೇ ಲೋಕವಾಗಿತ್ತು. ಇಲ್ಲಿ ವೇಗಕ್ಕಿಂತ ಕಾರನ್ನು ಉಳಿಸಿಕೊಳ್ಳುವುದು ದೊಡ್ಡದಾಗಿತ್ತು. ಪೂರ್ವ ಆಫ್ರಿಕದ ಭಾರತೀಯ ಸಂಜಾತರು ಹಿಂದಿನಿಂದಲೂ ಇಲ್ಲಿ ಹೆಸರು ಮಾಡಿದವರು. ಜೋಗಿಂದರ್ ಸಿಂಗ್ ಸಫಾರಿಯನ್ನು ಮೂರು ಸಲ ಗೆದ್ದಿದ್ದರು, ಶೇಖರ್ ಮೆಹ್ತಾ ಐದು ಸಲ. ಇದಿ ಅಮೀನನ ಕಾಲದಲ್ಲಿ ಉಗಾಂಡ ಬಿಡಬೇಕಾಗಿ ಬಂದ ಮೆಹ್ತಾ, 1973ರಲ್ಲಿ ಎರಡನೆಯ ಸ್ಥಾನದವರಷ್ಟೇ ಪೆನಾಲ್ಟಿ ಪಡೆದು, ಟೈಬ್ರೇಕ್‌ನಲ್ಲಿ ತಮ್ಮ ಮೊದಲ ಸಫಾರಿ ಗೆದ್ದರು. 1979ರಿಂದ ನಾಲ್ಕು ವರ್ಷ ಸತತವಾಗಿ ಗೆದ್ದರು. 1986ರಲ್ಲಿ ಲಾಂಚಿಯಾ ತನ್ನ ನಾಜೂಕಿನ ಎಸ್4 ಬಿಟ್ಟು ಹಳೆಯ 037 ಮಾದರಿಯನ್ನೇ ಅಲ್ಲಿಗೆ ಕಳಿಸಿತು. ಅಲೆನ್ ಅದರಲ್ಲಿ ಮೂರನೆಯವರಾದರು. ಮೊದಲ ಎರಡು ಸ್ಥಾನ ಹಿಂಚಕ್ರದ ಎಳೆತದ ಟೊಯೊಟಾ ಸೆಲಿಕಾಗಳ ಪಾಲಾದವು, ಗೆದ್ದವರು ಸ್ವೀಡನ್ನಿನ ಅನುಭವಿ ಬ್ಯೋರ್ನ್ ವಾಲ್ಡೆಗಾರ್ಡ್. ಅದೂ ಗ್ರೂಪ್ ಬಿ ಕಾರೇ. ಆದರೆ ಅದರ ಬಗ್ಗೆ ಯಾರೂ ಭಯದಿಂದ ಮಾತಾಡಲಿಲ್ಲ.

ಕಾರ್ಸಿಕಾ ಮೆಡಿಟರೇನಿಯನ್ ಸಮುದ್ರದ ನಡುವೆ ಎದ್ದುನಿಂತ ಬೆಟ್ಟದಂಥ ದ್ವೀಪ. ಅಲ್ಲಿನ ಟೂರ್ ಡಿ ಕಾರ್ಸ್ ರ‍್ಯಾಲಿಗೆ ‘ಹತ್ತು ಸಾವಿರ ತಿರುವುಗಳ ರ‍್ಯಾಲಿ’ ಎಂದೇ ಹೆಸರು. ಕಿರಿದಾದ ಡಾಂಬರು ರಸ್ತೆ, ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. ಬಹಳ ಕಡೆ ತಡೆಗೋಡೆಯೂ ಇರಲಿಲ್ಲ. 1985ರ ಮೇ 2ರಂದು ಇದೇ ರ‍್ಯಾಲಿಯಲ್ಲಿ ಲಾಂಚಿಯಾ ತಂಡದ ಅಟಿಲಿಯೊ ಬೆಟ್ಟೆಗಾ ಅವರ ಕಾರು ಮರಕ್ಕೆ ಬಡಿದು ಅವರು ತೀರಿಕೊಂಡಿದ್ದರು. ಒಂದು ವರ್ಷದ ನಂತರ ಟೊಯ್ವೊನೆನ್ ಅಲ್ಲಿಗೆ ಬಂದಾಗ ಅವರಿಗೆ ಮೈಯಲ್ಲಿ ಹುಷಾರಿರಲಿಲ್ಲ. ಫ್ಲೂ, ಗಂಟಲು ನೋವು. ಔಷಧಿ ತೆಗೆದುಕೊಂಡೇ ಓಡಿಸಿದರು. ಆದರೂ ಸ್ಟೇಜ್ ಮೇಲೆ ಸ್ಟೇಜ್ ಗೆಲ್ಲುತ್ತಾ ಹೋದರು. ಈ ಕಾರಿನಲ್ಲಿ, ಈ ದಾರಿಯಲ್ಲಿ, ಗಂಟೆಗಟ್ಟಲೆ ಹೀಗೆ ಓಡಿಸುವುದು ಮನುಷ್ಯರ ಕೈಲಾಗುವಂಥದ್ದಲ್ಲ ಎಂಬ ಅರ್ಥದ ಮಾತನ್ನು ಅವರೇ ಆ ರ‍್ಯಾಲಿಯ ವೇಳೆ ಆಡಿದ್ದರು. ಆ ಕಾಲದಲ್ಲಿ ಕಾರ್ಸಿಕಾ ರ‍್ಯಾಲಿಯ ಸ್ಪೆಷಲ್ ಸ್ಟೇಜ್‌ಗಳೆಲ್ಲ ಸೇರಿದರೆ ಸಾವಿರ ಕಿಲೋಮೀಟರಿಗೂ ಮೇಲೆ. ಇವತ್ತು ವಿಶ್ವ ಚಾಂಪಿಯನ್‌ಶಿಪ್‌ನ ಒಂದು ರ‍್ಯಾಲಿಯಲ್ಲಿ ಅದರ ಮೂರನೆಯ ಒಂದು ಭಾಗದಷ್ಟು ಮಾತ್ರ ಇರುತ್ತದೆ.

1986ರ ಮೇ 2. 18ನೆಯ ಸ್ಟೇಜ್, ಕೋರ್ಟೆಯಿಂದ ಟವೆರ್ನಾಕ್ಕೆ. ಮುಂಚೂಣಿಯಲ್ಲಿದ್ದ ಟೊಯ್ವೊನೆನ್ ಮತ್ತು ಕ್ರೆಸ್ಟೊ ಹೊರಟು ಸುಮಾರು 7 ಕಿಲೋಮೀಟರ್ ಆಗಿತ್ತು. ತಡೆಗೋಡೆಯಿಲ್ಲದ ಒಂದು ಎಡ ತಿರುವಿನಲ್ಲಿ ಕಾರು ರಸ್ತೆ ಬಿಟ್ಟು, ಕೆಳಗಿನ ಮರಗಳ ನಡುವೆ ಮಗುಚಿ ಬಿತ್ತು. ಸೀಟಿನ ಕೆಳಗಿದ್ದ ಟ್ಯಾಂಕು ಒಡೆದು ಹೊತ್ತಿಕೊಂಡಿತು. ಪ್ಲಾಸ್ಟಿಕ್ ಮೈ ಸುಟ್ಟು ಬೂದಿಯಾಗಿ, ಸಹಾಯಕ್ಕೆ ಹೋದವರಿಗೆ ಕಂಡದ್ದು ಕಪ್ಪಾದ ಕೊಳವೆಗಳ ಚೌಕಟ್ಟು. ಇಬ್ಬರಿಗೂ ಹೊರಬರಲಾಗಲಿಲ್ಲ. ಸಿಂಟ್ರಾದಲ್ಲಿ ರಸ್ತೆಯ ತುಂಬ ಜನರಿದ್ದರು, ಈ ತಿರುವಿನಲ್ಲಿ ಹತ್ತಿರದಿಂದ ನೋಡಿದವರು ಒಬ್ಬರೂ ಇರಲಿಲ್ಲ. ಸುಟ್ಟ ಕಾರಿನಿಂದ ತನಿಖೆಗೂ ಏನೂ ದಕ್ಕದ್ದರಿಂದ ಕಾರಣ ಇದೇ ಎಂದು ಯಾರಿಗೂ ಹೇಳಲಾಗಲಿಲ್ಲ. ಲಾಂಚಿಯಾ ಉಳಿದ ಕಾರುಗಳನ್ನು ಹಿಂತೆಗೆದುಕೊಂಡಿತು. ಪ್ಯೂಜೊದ ಬ್ರೂನೊ ಸಾಬಿ ಗೆದ್ದರು. ಅವರ ಮೊದಲ ವಿಶ್ವ ರ‍್ಯಾಲಿ ಗೆಲುವು ಅದು, ಸಂಭ್ರಮಿಸುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ಫಿಸಾ ಅಧ್ಯಕ್ಷ ಜಾನ್ ಮರಿ ಬಲೆಸ್ತ್ರ್ ತಡಮಾಡಲಿಲ್ಲ. 1987ರಿಂದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಗ್ರೂಪ್ ಬಿ ಇಲ್ಲ ಎಂಬ ತೀರ್ಮಾನ ಕೂಡಲೇ ಹೊರಬಿತ್ತು. ಬರೀ 10 ಕಾರು ಕಟ್ಟಿದರೆ ಸಾಕು ಎನ್ನುವ, ಕಂಪನಿಗಳು ಆಗಲೇ ಹಣ ಸುರಿಯುತ್ತಿದ್ದ ಮುಂದಿನ ಯೋಜನೆ ಗ್ರೂಪ್ ಎಸ್ ಕೂಡ ಅದರೊಂದಿಗೇ ಸತ್ತಿತು. ಆ ಮೇ ತಿಂಗಳ ಕೊನೆಯಲ್ಲಿ ಜರ್ಮನಿಯ ಹೆಸ್ಸೆನ್ ರ‍್ಯಾಲಿಯಲ್ಲಿ ಫೋರ್ಡ್ ಆರ್‌ಎಸ್200 ಮರಕ್ಕೆ ಬಡಿದು ನ್ಯಾವಿಗೇಟರ್ ಮಿಶೆಲ್ ವೈಡರ್ ಸತ್ತಾಗ ನಿಷೇಧವನ್ನು ಪ್ರಶ್ನಿಸುವ ದನಿಗಳೂ ಮೆತ್ತಗಾದವು. ಆದರೂ ಜಾನ್ ಟಾಡ್ ಸುಮ್ಮನಾಗಲಿಲ್ಲ. ಪ್ಯೂಜೊ ಕೋರ್ಟಿನ ಮೆಟ್ಟಿಲು ಹತ್ತಿತು.

ನಿಷೇಧ ತಪ್ಪು ಎನ್ನಲಾಗದು. ಸೀಟಿನ ಕೆಳಗೆ ಪೆಟ್ರೋಲ್ ಇಟ್ಟುಕೊಂಡು ಪ್ರಪಾತದ ಅಂಚಿನಲ್ಲಿ ಓಡುವ ಕಾರಿಗೆ ಯಾವ ಸಮರ್ಥನೆಯೂ ಸಾಲದು. ಆದರೆ ಸಿಂಟ್ರಾದ ಸಾವಿಗೂ ಕಾರ್ಸಿಕಾದ ಸಾವಿಗೂ ಒಂದೇ ಉತ್ತರ ಕೊಟ್ಟದ್ದು ಅನ್ಯಾಯ. ಜನರನ್ನು ರಸ್ತೆಯ ಮೇಲೆ ಬಿಟ್ಟವರು ಸಂಘಟಕರು. ಬಳಲಿಕೆಯನ್ನು ಲೆಕ್ಕಕ್ಕೆ ಹಿಡಿಯದೆ ಸಾವಿರ ಕಿಲೋಮೀಟರಿನ ರ‍್ಯಾಲಿಗೆ ಮುದ್ರೆ ಒತ್ತಿದವರು, ಇಂಥ ಕಾರು ಕಟ್ಟಬಹುದೆಂದು ನಿಯಮ ಬರೆದವರು ಫಿಸಾದವರೇ. ಎಸ್ಟೊರಿಲ್‌ನಲ್ಲಿ ಚಾಲಕರು ಕೊಟ್ಟ ಎಚ್ಚರಿಕೆಗೆ ಎರಡು ತಿಂಗಳು ಕಿವಿಗೊಡದೆ ಇದ್ದು, ಆಮೇಲೆ ಕಾರನ್ನು ಮಾತ್ರ ಅಪರಾಧಿಯ ಜಾಗದಲ್ಲಿ ನಿಲ್ಲಿಸಿದ್ದು ಅನುಕೂಲದ ತೀರ್ಪು. ಕಾರಿಗೆ ಬಾಯಿಲ್ಲ.

ಉಳಿದ ರ‍್ಯಾಲಿಗಳು ನಡೆದವು, ಸತ್ತುಹೋಗಲಿದ್ದ ಕಾರುಗಳಲ್ಲೇ. ಆಡಿ ಹೊರನಡೆದಿತ್ತು. ಗ್ರೀಸ್‌ನಲ್ಲೂ ನ್ಯೂಜಿಲೆಂಡಿನಲ್ಲೂ ಕಂಕುನೆನ್, ಅರ್ಜೆಂಟೀನಾದಲ್ಲಿ ಲಾಂಚಿಯಾದ ಮಿಕಿ ಬಿಯಾಸಿಯನ್, ಫಿನ್ಲೆಂಡಿನಲ್ಲಿ ಸಲೊನೆನ್, ಐವರಿ ಕೋಸ್ಟಿನಲ್ಲಿ ಮತ್ತೆ ವಾಲ್ಡೆಗಾರ್ಡ್ ಗೆದ್ದರು.

ಅಕ್ಟೋಬರ್‌ನಲ್ಲಿ ಇಟಲಿಯ ಸ್ಯಾನ್‌ರೆಮೊ. ರ‍್ಯಾಲಿ ನಡೆಯುತ್ತಿರುವಾಗಲೇ ತಪಾಸಕರು ಪ್ಯೂಜೊ ಕಾರುಗಳ ತಳಬದಿಯ ಪಟ್ಟಿಗಳನ್ನು ನೋಡಿ, ಗಾಳಿಯ ಹರಿವನ್ನು ಬಳಸಿಕೊಳ್ಳುವ ಇಂಥ ‘ಸ್ಕರ್ಟ್’ ನಿಯಮಬಾಹಿರ ಎಂದರು. ಕಲ್ಲಿನ ಏಟಿನಿಂದ ರಕ್ಷಣೆಗೆ ಹಾಕಿದ್ದು, ಹಿಂದಿನ ತಪಾಸಣೆಗಳಲ್ಲಿ ಪಾಸಾದದ್ದು ಎಂದು ಪ್ಯೂಜೊದವರು ವಾದಿಸಿದರೂ ಕಾರುಗಳು ಹೊರಬಿದ್ದವು. ಇಟಲಿಯ ರ‍್ಯಾಲಿ, ಇಟಲಿಯ ಅಧಿಕಾರಿಗಳು, ಲಾಭ ಇಟಲಿಯ ಲಾಂಚಿಯಾಕ್ಕೆ. ಮೊದಲ ಮೂರೂ ಸ್ಥಾನ ಅದಕ್ಕೇ ಸಿಕ್ಕಿತು, ಗೆದ್ದವರು ಅಲೆನ್. ಪ್ಯೂಜೊ ಮೇಲ್ಮನವಿ ಸಲ್ಲಿಸಿತು.

ಮಾರ್ಕು ಅಲೆನ್ ಅವರ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಬಾರದು. 1970ರ ದಶಕದಿಂದಲೂ ಅಗ್ರ ಚಾಲಕರ ಸಾಲಿನಲ್ಲಿದ್ದವರು. ‘ಮ್ಯಾಕ್ಸಿಮಮ್ ಅಟ್ಯಾಕ್’ ಎಂಬುದು ಅವರ ಹೆಸರಿಗೇ ಅಂಟಿದ ಮಾತು. 1978ರಲ್ಲಿ ಚಾಲಕರಿಗೆ ವಿಶ್ವ ಚಾಂಪಿಯನ್‌ಶಿಪ್ ಇನ್ನೂ ಇಲ್ಲದಿದ್ದಾಗ, ಅದರ ಹಿಂದಿನ ರೂಪವಾದ, ಫಿಸಾದ ಮಾತೃಸಂಸ್ಥೆ ಫಿಯಾ ಹೆಸರಿನ ಫಿಯಾ ಕಪ್ ಗೆದ್ದಿದ್ದರು. ಆಮೇಲೆ ಪ್ರಶಸ್ತಿ ಪ್ರತಿ ಸಲವೂ ಕೈತಪ್ಪುತ್ತಿತ್ತು. 1986ರ ನವೆಂಬರ್‌ನಲ್ಲಿ ಬ್ರಿಟನ್ನಿನ ಆರ್‌ಎಸಿ ರ‍್ಯಾಲಿಯಲ್ಲಿ ಸಲೊನೆನ್ ಮೊದಲಿಗರು, ಅಲೆನ್ ಎರಡನೆಯವರು, ಕಂಕುನೆನ್ ಮೂರನೆಯವರು. ಎಲ್ಲವೂ ಕೊನೆಯ ಸುತ್ತಿಗೆ ಬಂತು. ಡಿಸೆಂಬರ್ ಮೊದಲ ವಾರ, ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಾಡುಗಳಲ್ಲಿ ನಡೆದ ಒಲಿಂಪಸ್ ರ‍್ಯಾಲಿಯಲ್ಲಿ ಅಲೆನ್ ಕಂಕುನೆನ್ ಅವರನ್ನು ಸೋಲಿಸಿದರು. ಗ್ರೂಪ್ ಬಿ ಕಾರುಗಳ ಕೊನೆಯ ವಿಶ್ವ ರ‍್ಯಾಲಿಯ ಕೊನೆಯಲ್ಲಿ ಅವರು ವಿಶ್ವ ಚಾಂಪಿಯನ್.

ಹನ್ನೊಂದು ದಿನ ಮಾತ್ರ. ಡಿಸೆಂಬರ್ 18ರಂದು ಫಿಸಾ, ಪ್ಯೂಜೊವನ್ನು ಹೊರಹಾಕಿದ್ದು ತಪ್ಪು ಎಂದು ಒಪ್ಪಿತು. ಆದರೆ ಅರ್ಧಕ್ಕೆ ನಿಂತ ಕಾರುಗಳಿಗೆ ಈಗ ಯಾವ ಸ್ಥಾನ ಕೊಡುವುದು? ಸ್ಯಾನ್‌ರೆಮೊ ಫಲಿತಾಂಶವನ್ನೇ ಪೂರ್ತಿ ರದ್ದು ಮಾಡಿತು. ಅಲೆನ್ ಅವರ ಗೆಲುವಿನ 20 ಅಂಕ ಅಳಿಸಿಹೋಯಿತು. ಕಂಕುನೆನ್ 118, ಅಲೆನ್ 104. ಪ್ಯೂಜೊಗೆ ಆದ ಅನ್ಯಾಯ ನಿಜ. ಅದನ್ನು ಸರಿಪಡಿಸಲು ಹೋಗಿ, ತಮ್ಮದಲ್ಲದ ತಪ್ಪಿಗೆ ಅಲೆನ್ ಪ್ರಶಸ್ತಿ ಕಳೆದುಕೊಂಡದ್ದೂ ಅಷ್ಟೇ ನಿಜ. 1988ರಲ್ಲಿ ಮತ್ತೊಮ್ಮೆ ಎರಡನೆಯ ಸ್ಥಾನಕ್ಕೆ ಬಂದರೂ ಅವರು ಕೊನೆಯವರೆಗೂ ವಿಶ್ವ ಚಾಂಪಿಯನ್ ಆಗಲಿಲ್ಲ. ಕಂಕುನೆನ್ ಮಾತ್ರ ಇನ್ನೂ ಮೂರು ಸಲ ಚಾಂಪಿಯನ್ ಆದರು. 1987ರದನ್ನು ಗೆದ್ದದ್ದು ಲಾಂಚಿಯಾ ತಂಡದಲ್ಲೇ.

ಹೊರಹಾಕಿದ ಕಾರುಗಳು ಬೇರೆ ಬೇರೆ ದಾರಿ ಹಿಡಿದವು. 1985ರಲ್ಲಿ ಅರ್ಜೆಂಟೀನಾದ ಅಪಘಾತದಲ್ಲಿ ಬದುಕುವುದೇ ಅನುಮಾನವಾಗಿದ್ದ ಆರಿ ವಾಟನೆನ್, 1987ರ ಪ್ಯಾರಿಸ್–ಡಾಕರ್ ರ‍್ಯಾಲಿಯನ್ನು ಗೆದ್ದದ್ದು ಮರುಭೂಮಿಗೆಂದು ಮಾರ್ಪಡಿಸಿದ ಅದೇ ಪ್ಯೂಜೊ 205ರಲ್ಲಿ. ಫೋರ್ಡ್ ಆರ್‌ಎಸ್200 ರ‍್ಯಾಲಿಕ್ರಾಸ್‌ನಲ್ಲಿ ಮೆರೆಯಿತು. ಮೆಟ್ರೊ 6ಆರ್4ನ ವಿ6 ಎಂಜಿನ್ ಟರ್ಬೊ ಸೇರಿಸಿಕೊಂಡು ಜಾಗ್ವಾರ್ ಎಕ್ಸ್‌ಜೆ220ಗೆ ಹೋಯಿತು. ರ‍್ಯಾಲಿ ದಾರಿಗಳಲ್ಲಿ 5,000 ಕಾರುಗಳ ನಿಯಮದ ಗ್ರೂಪ್ ಎ ಬಂತು. ಅದಕ್ಕೆ ಎಲ್ಲರಿಗಿಂತ ಮೊದಲು ಸಿದ್ಧವಾಗಿದ್ದ ಲಾಂಚಿಯಾ 1987ರಿಂದ 1992ರವರೆಗೆ ತಯಾರಕರ ಪ್ರಶಸ್ತಿಯನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಕೆಲವೇ ವರ್ಷಗಳಲ್ಲಿ, ಎಷ್ಟೋ ಸ್ಟೇಜ್‌ಗಳಲ್ಲಿ, ಅರ್ಧ ಶಕ್ತಿಯ ಈ ಕಾರುಗಳು ಗ್ರೂಪ್ ಬಿ ಕಾಲದ ದಾಖಲೆಗಳನ್ನು ಮುರಿದವು. ಟೈರು, ಸಸ್ಪೆನ್ಷನ್, ಗೇರುಗಳು ಅಷ್ಟು ಸುಧಾರಿಸಿದ್ದವು. ವೇಗ ಕಡಿಮೆಯಾಗಲಿಲ್ಲ.

ರಸ್ತೆಯ ಕೆಲಸ ಮಾತ್ರ ನಿಧಾನವಾಗಿ ನಡೆಯಿತು. ಅದರಲ್ಲಿ ಒಬ್ಬರ ಹೆಸರು ಮುಖ್ಯ: ಫ್ರಾನ್ಸಿನ ಮಿಶೆಲ್ ಮೂಟೊನ್. 1981ರಲ್ಲಿ ಸ್ಯಾನ್‌ರೆಮೊ ಗೆದ್ದು ವಿಶ್ವ ರ‍್ಯಾಲಿ ಗೆದ್ದ ಮೊದಲ ಮಹಿಳೆಯಾದವರು, 1982ರಲ್ಲಿ ಇಡೀ ಚಾಂಪಿಯನ್‌ಶಿಪ್‌ನಲ್ಲೇ ಎರಡನೆಯವರಾದವರು. 1986ರ ಕಾರ್ಸಿಕಾ ರ‍್ಯಾಲಿಯಲ್ಲಿ ಪ್ಯೂಜೊ ಓಡಿಸುತ್ತಿದ್ದವರಲ್ಲಿ ಅವರೂ ಒಬ್ಬರು. ಅದೇ ವರ್ಷ ಜರ್ಮನಿಯ ರಾಷ್ಟ್ರೀಯ ಚಾಂಪಿಯನ್‌ಶಿಪ್ ಗೆದ್ದು, ಗ್ರೂಪ್ ಬಿ ಜತೆಗೇ ರ‍್ಯಾಲಿಗೆ ವಿದಾಯ ಹೇಳಿದರು. 1988ರಲ್ಲಿ ಟೊಯ್ವೊನೆನ್ ನೆನಪಿಗೆ ‘ರೇಸ್ ಆಫ್ ಚಾಂಪಿಯನ್ಸ್’ ಶುರುಮಾಡಿದವರಲ್ಲಿ ಒಬ್ಬರಾದರು. 2011ರಲ್ಲಿ, ಫಿಯಾ ಅಧ್ಯಕ್ಷರಾಗಿದ್ದ ಜಾನ್ ಟಾಡ್ ಕಾಲದಲ್ಲಿ, ವಿಶ್ವ ರ‍್ಯಾಲಿಯ ಹೊಣೆ ಹೊತ್ತು ಮರಳಿದರು. ಆಮೇಲೆ ಸುರಕ್ಷತಾ ಪ್ರತಿನಿಧಿಯಾಗಿ ಸ್ಪರ್ಧಿಗಳಿಗಿಂತ ಮೊದಲು ಪ್ರತಿ ಸ್ಟೇಜ್‌ನಲ್ಲಿ ಹಾದುಹೋಗಿ, ತಿರುವಿನ ಹೊರಬದಿಯಲ್ಲಿ ನಿಂತವರನ್ನು ಹಿಂದೆ ಸರಿಸುವುದು, ಸರಿಯದಿದ್ದರೆ ಆ ಸ್ಟೇಜ್ ಅನ್ನೇ ರದ್ದು ಮಾಡಿಸುವುದು ಅವರ ಕೆಲಸವಾಯಿತು.